ಸಿ.ಎಫ್.ಗೆ ಹಾಕಿ ಎರಡು ಸಲ ವಾಪಸ್ ಬಂತು, ಕ್ಯಾಲಿಪರ್ ಪಿನ್ ಹೊಸದು ಹಾಕಿದರೂ ಬ್ರೇಕ್ ಫೇಲ್

ಪೆರ್ಲ_ಪಿಕಪ್
ಯಾರಾದರೂ ಒಂದು ದಾರಿ ಹೇಳಿ. ಗಾಡಿ ಸಿ.ಎಫ್. (ಫಿಟ್ನೆಸ್ ಸರ್ಟಿಫಿಕೇಟ್) ಟೆಸ್ಟಿಗೆ ಹಾಕಿ ಎರಡು ಸಲ ವಾಪಸ್ ಬಂತು. ಎರಡೂ ಸಲ ಬ್ರೇಕ್. ಮೊದಲ ಸಲವೇ ಬ್ರೇಕ್ ಪಿನ್ ಸರಿ ಇಲ್ಲ ಎಂದು ಚೀಟಿ ಬರೆದು ಕೊಟ್ಟಿದ್ದರು. ಅಲ್ಲಿಂದ ಸೀದಾ ವಿಟ್ಲದ ಗ್ಯಾರೇಜಿಗೆ ಹೋದೆ. ಎರಡೂ ಕಡೆ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಜಾರುವ ಪಿನ್ ಹೊಸದು, ಪ್ಯಾಡ್ ಹೊಸದು, ಡಿಸ್ಕ್ ಲೇತಿಗೆ ಕೊಟ್ಟು ಉಜ್ಜಿಸಿದ್ದೂ ಆಯಿತು. 6,000 ರೂಪಾಯಿ ಮೇಲೆ ಹೋಯಿತು. ಎರಡನೇ ಸಲ ಮೈದಾನದಲ್ಲಿ ಒಂದೇ ಸಲ ಬ್ರೇಕ್ ಹೊಡೆಸಿ ನೋಡಿದರು, ಮತ್ತೆ ಅದೇ ಚೀಟಿ.

ಪೆಡಲ್ ಗಟ್ಟಿ ಉಂಟು. ಒತ್ತಿದರೆ ಗಾಡಿ ನಿಲ್ಲುತ್ತದೆ. ದಿನಾ ಓಡಿಸುವವನು ನಾನು, ನನಗೆ ಗೊತ್ತಾಗುವುದಿಲ್ವಾ? ಹೊಗೆ ಸರ್ಟಿಫಿಕೇಟ್, ರಿಫ್ಲೆಕ್ಟರ್ ಸ್ಟಿಕ್ಕರ್, ಲೈಟ್, ಹಾರ್ನ್, ವೈಪರ್ ಎಲ್ಲ ಪಾಸ್. ಇದೊಂದೇ ಬಾಕಿ. ಸಿ.ಎಫ್. ಮುಗಿಯಲಿಕ್ಕೆ ಇನ್ನು ಎಂಟು ದಿನ. ಮುಗಿದ ಮೇಲೆ ದಿನಕ್ಕೆ 50 ರೂಪಾಯಿ ಜಾಸ್ತಿ ಕಟ್ಟಬೇಕು, ಅಷ್ಟು ದಿನ ಬಾಡಿಗೆಯೂ ಇಲ್ಲ.

ಉಪ್ಪಳ_ಮೆಕ್ಯಾನಿಕ್
ಪಿನ್ ಹೊಸದು ಹಾಕಿದರೆ ಸಾಲದು, ಯಾವ ಗ್ರೀಸ್ ಹಾಕಿದ್ದಾರೆ ಕೇಳಿ. ಬೇರಿಂಗಿಗೆ ಹಾಕುವ ಗ್ರೀಸನ್ನೇ ಪಿನ್ನಿಗೂ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ಮಾತ್ರ ಕೆಲಸ ಮಾಡುತ್ತದೆ. ಸಿಲಿಕೋನ್ ಗ್ರೀಸೇ ಆಗಬೇಕು. ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಇದನ್ನು ಎಷ್ಟು ನೋಡಿದ್ದೇನೆ ಅಂದರೆ, ಚೀಟಿಯಲ್ಲಿ ಪಿನ್ ಎಂದಿದ್ದರೆ ಬೇರೆ ಹುಡುಕುವುದೇ ಬೇಡ.

ಪೆರ್ಲ_ಪಿಕಪ್
ಕೇಳಿದೆ ಅಣ್ಣ. ಸಿಲಿಕೋನ್ ಗ್ರೀಸೇ ಹಾಕಿದ್ದಂತೆ. ಕ್ಯಾಲಿಪರ್ ಕೈಯಲ್ಲಿ ಆಚೀಚೆ ದೂಡಿದರೆ ಸಲೀಸಾಗಿ ಜಾರುತ್ತದೆ, ನಾನೇ ನೋಡಿದೆ.

ಉಪ್ಪಳ_ಮೆಕ್ಯಾನಿಕ್
ಹಾಗಾದರೆ ಪಿನ್ ಡೂಪ್ಲಿಕೇಟ್ ಇರಬೇಕು. ಒಂದು ಕೂದಲು ದಪ್ಪ ಹೆಚ್ಚಿದ್ದರೂ ಬಿಸಿಯಾದಾಗ ಜಾಮ್ ಆಗುತ್ತದೆ. ಒರಿಜಿನಲ್ ತರಿಸಿ ಹಾಕಿಸಿ.

ಕುಂಬಳೆ_ರಿಕ್ಷಾ
ಪ್ಯಾಡ್ ಬದಲಿಸಿದ ಮೇಲೆ ಬ್ಲೀಡ್ ಮಾಡಿಸಿ ಪೈಪಿನ ಗಾಳಿ ತೆಗೆಸಿದ್ದೀರಾ? ಆಯಿಲ್ ಪೂರ್ತಿ ಬದಲಿಸಿ ಎಷ್ಟು ಸಮಯ ಆಯಿತು? ಬ್ರೇಕ್ ಆಯಿಲ್ ನೀರು ಹೀರುತ್ತದೆ. ನಮ್ಮ ಊರಿನ ನಾಲ್ಕು ತಿಂಗಳ ಮಳೆಗೆ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಸಾಕು. ಎಲ್ಲ ತೆಗೆದು ಡಾಟ್ 4 ಹಾಕಿ.

ನೀರ್ಚಾಲು_ಟಿಪ್ಪರ್
ಡಾಟ್ 3 ಇದ್ದ ಗಾಡಿಗೆ ಡಾಟ್ 4 ಹಾಕಬಾರದು. ಸೀಲ್ ಹೋಗುತ್ತದೆ.

ಕುಂಬಳೆ_ರಿಕ್ಷಾ
ಯಾರು ಹೇಳಿದ್ದು? ಎರಡೂ ಒಂದೇ ಜಾತಿಯ ಆಯಿಲ್, ಬೆರೆಯುತ್ತದೆ. 4ರ ಕುದಿಯುವ ಬಿಂದು ಜಾಸ್ತಿ, ಅಷ್ಟೇ. ಬೆರೆಸಬಾರದ್ದು ಡಾಟ್ 5. ಅದು ಸಿಲಿಕೋನಿನದ್ದು.

ನೀರ್ಚಾಲು_ಟಿಪ್ಪರ್
ಇಪ್ಪತ್ತು ವರ್ಷದಿಂದ ಗಾಡಿ ಇಟ್ಟುಕೊಂಡವನು ನಾನು. ಕಂಪನಿ ಯಾವುದು ಹೇಳಿದೆಯೋ ಅದನ್ನೇ ಹಾಕುವುದು. ಮುಚ್ಚಳದ ಮೇಲೆ ಬರೆದಿರುತ್ತದೆ, ಓದಿ.

ಕುಂಬಳೆ_ರಿಕ್ಷಾ
ಓದಿಯೇ ಹೇಳಿದ್ದು ಮಾರಾಯ್ರೇ. 3 ಎಂದು ಬರೆದಲ್ಲಿ 4 ಹಾಕಬಹುದು. 4 ಎಂದು ಬರೆದಲ್ಲಿ 3 ಹಾಕಬಾರದು.

ಪೆರ್ಲ_ಪಿಕಪ್
ದಯವಿಟ್ಟು ಆಯಿಲ್ ಜಗಳ ಬೇಡ. ಆಯಿಲ್ ಹೊಸದು, ನಾಲ್ಕೂ ಚಕ್ರ ಬ್ಲೀಡ್ ಮಾಡಿಸಿದ್ದೇನೆ. ಈ ವರ್ಷ ಯಾಕೆ ಹೀಗೆ ಎಂದೇ ತಿಳಿಯುವುದಿಲ್ಲ. ಹೋದ ಸಲ ಇದೇ ಗಾಡಿ ಐದು ನಿಮಿಷದಲ್ಲಿ ಪಾಸ್ ಆಗಿತ್ತು.

ಜೀಪ್_ಬಾಯಾರು
ಹೋದ ಸಲ ಅಂದರೆ ಹೋದ ವರ್ಷವಾ, ಎರಡು ವರ್ಷ ಹಿಂದೆಯಾ? ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಗಾಡಿ ಯಾವ ವರ್ಷದ್ದು ಎಂದೇ ನೀವು ಹೇಳಿಲ್ಲ.

ನನ್ನದು ಸ್ವಂತ ಬಳಕೆಯ 1994ರ ಜೀಪು. 15 ವರ್ಷ ಆದಾಗ 2009ರಲ್ಲಿ ಮೊದಲ ಸಲ ತೋರಿಸಿದ್ದು, ಆಮೇಲೆ ಐದೈದು ವರ್ಷಕ್ಕೆ. 2014, 2019, 2024. ನಾಲ್ಕು ಸಲವೂ ಒಂದೇ ಹೋಗುವಿಕೆಯಲ್ಲಿ ಪಾಸ್. ನಾಲ್ಕೂ ಚಕ್ರಕ್ಕೆ ಡ್ರಮ್. ಡ್ರಮ್ ಬಿಚ್ಚಿ ಶೂವಿಗೆ ಮರಳು ಕಾಗದ ಹಾಕುವುದು, ಅಡ್ಜಸ್ಟರ್ ತಿರುಗಿಸುವುದು ಎಲ್ಲ ನಾನೇ, ಮನೆಯಂಗಳದಲ್ಲಿ. ಈ ಜೀಪಿನಲ್ಲಿ ಮಳೆಗಾಲದಲ್ಲೂ ಪೊಸಡಿಗುಂಪೆ ಹತ್ತಿದ್ದೇನೆ. ಹೊಸ ಗಾಡಿಗಳಲ್ಲಿ ಆ ಗಟ್ಟಿತನ ಇಲ್ಲ. ಇಂಜಿನ್ ಕಳೆದ ವರ್ಷ ಬಿಚ್ಚಿ ಹೊಸ ರಿಂಗ್ ಹಾಕಿದೆ, ಈಗ ಬೆಳಿಗ್ಗೆ ಅರ್ಧ ಸೆಲ್ಫ್ ಹೊಡೆದರೆ ಸ್ಟಾರ್ಟ್. ಫೋಟೋ ಹಾಕಿದ್ದೇನೆ ನೋಡಿ.

ಕುಂಬಳೆ_ರಿಕ್ಷಾ
ಚಂದ ಉಂಟು. ಹುಡ್ ಎಲ್ಲಿ ಹೊಲಿಸಿದ್ದು?

ಜೀಪ್_ಬಾಯಾರು
ಮಂಗಳೂರಿನಲ್ಲಿ. ಬಟ್ಟೆ ನಾನೇ ತೆಗೆದುಕೊಂಡು ಹೋಗಿದ್ದೆ.

ಮುಳ್ಳೇರಿಯ_ಭಾವ
ಪೆರ್ಲದವರೇ, ಎರಡು ಫೋಟೋ ಹಾಕಿ. ಒಂದು, ಅವರು ಕೊಟ್ಟ ಚೀಟಿಯದ್ದು. ಇನ್ನೊಂದು, ಖಾಲಿ ಜಾಗದಲ್ಲಿ 25–30 ಕಿಲೋಮೀಟರ್ ವೇಗದಲ್ಲಿ ಹೋಗಿ ಗಟ್ಟಿ ಬ್ರೇಕ್ ಹಾಕಿ, ಚಕ್ರದ ಗುರುತಿನದ್ದು. ಗಾಡಿಯ ವರ್ಷವನ್ನೂ ಹೇಳಿ. ಚೀಟಿ ಯಾವ ಭಾಷೆಯಲ್ಲಿ ಉಂಟು?

ಪೆರ್ಲ_ಪಿಕಪ್
2014ರ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮದು ಕೇರಳದ ಕಾಸರಗೋಡು, ಚೀಟಿ ಮಲಯಾಳದಲ್ಲೇ, ಮತ್ತೆ ಯಾವುದರಲ್ಲಿ ಇರುತ್ತದೆ? ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಹುಡುಗ ಅಕ್ಷರ ಕೂಡಿಸಿ ಓದಿ ಹೇಳಿದ. ವಿಟ್ಲದಲ್ಲಿ ಅವರಿಗೆ ಮಲಯಾಳ ಗೊತ್ತಿಲ್ಲ, ನಾನು ಹೇಳಿದ್ದನ್ನೇ ಮಾಡಿದರು. ಎರಡೂ ಫೋಟೋ ಹಾಕಿದ್ದೇನೆ. ಶಾಲೆಯ ಮೈದಾನದ ಕೆಂಪು ಮಣ್ಣಿನಲ್ಲಿ ತೆಗೆದದ್ದು.

ಮುಳ್ಳೇರಿಯ_ಭಾವ
ಚೀಟಿಯಲ್ಲಿ ಇರುವುದು "ಪಿನ್ ಬ್ರೇಕ್ ಕುರವ್". ಮಲಯಾಳದಲ್ಲಿ ಪಿನ್ ಅಂದರೆ ಹಿಂದಿನದು. ಹಿಂದಿನ ಬ್ರೇಕ್ ಕಡಿಮೆ ಎಂದು ಬರೆದಿದ್ದಾರೆ. ಕ್ಯಾಲಿಪರಿನ ಪಿನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ.

ನಿಮ್ಮ ಮೈದಾನದ ಫೋಟೋವೂ ಅದನ್ನೇ ಹೇಳುತ್ತದೆ. ಮುಂದಿನ ಎರಡು ಚಕ್ರ ಮಣ್ಣನ್ನು ಉತ್ತ ಹಾಗೆ ಕೆರೆದಿವೆ. ಹಿಂದಿನ ಟಯರಿನ ಕಟ್ಟು ಅಚ್ಚು ಒತ್ತಿದ ಹಾಗೆ ಕೊನೆಯವರೆಗೂ ಸ್ಪಷ್ಟ ಉಂಟು. ಅಂದರೆ ಹಿಂದಿನ ಚಕ್ರ ಕೊನೆವರೆಗೂ ಸುಮ್ನೆ ಉರುಳಿದೆ. ನೀವು ಮುಂದಿನ ಬ್ರೇಕಿಗೆ ಹಣ ಹಾಕಿದಷ್ಟೂ ಈ ವ್ಯತ್ಯಾಸ ಜಾಸ್ತಿಯೇ ಆಯಿತು.

ಪೆರ್ಲ_ಪಿಕಪ್
ಅಯ್ಯೋ ದೇವರೇ. 6,000 ರೂಪಾಯಿ ಭಾವ.

ಜೀಪ್_ಬಾಯಾರು
ಇದಕ್ಕೇ ಹೇಳುವುದು, ಇಲ್ಲಿ ಕನ್ನಡದಲ್ಲೂ ಬರೆದು ಕೊಡಬೇಕು ಎಂದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕೇಳುತ್ತಲೇ ಇದ್ದೇವೆ. ಒಂದು ಶಬ್ದಕ್ಕೆ ಮನುಷ್ಯನ ಒಂದು ವಾರದ ದುಡಿಮೆ ಹೋಯಿತು.

ನೀರ್ಚಾಲು_ಟಿಪ್ಪರ್
ಎಪ್ಪತ್ತು ವರ್ಷ ಇಲ್ಲಿದ್ದು ನಾಲ್ಕಕ್ಷರ ಓದಲು ಕಲಿಯಬಾರದಾ? ನಾನು ಕಲಿತೆ.

ಜೀಪ್_ಬಾಯಾರು
ಕಲಿಯುವುದು ಬೇರೆ, ಹಕ್ಕು ಬೇರೆ. ನಾನೂ ಓದುತ್ತೇನೆ. ಓದಲು ಬಾರದ ನನ್ನ ಅಪ್ಪನೂ ಇದೇ ಊರಿನವರು.

ಉಪ್ಪಳ_ಮೆಕ್ಯಾನಿಕ್
ಹಿಂದಿನದು ಎಂದಾದರೆ ಡ್ರಮ್ಮಿನೊಳಗೆ ಶೂವನ್ನು ದೂಡುವ ವೀಲ್ ಸಿಲಿಂಡರ್. ಲೀಕ್ ಆಗಿ ಶೂವಿಗೆ ಆಯಿಲ್ ತಾಗಿರುತ್ತದೆ. ಎರಡೂ ಕಡೆ ಹೊಸ ಸಿಲಿಂಡರ್, ಹೊಸ ಶೂ ಹಾಕಿಸಿ ನಾಳೆಯೇ ತೋರಿಸಿ.

ಮುಳ್ಳೇರಿಯ_ಭಾವ
ಸ್ವಲ್ಪ ನಿಲ್ಲಿ, ಅವರ ಹಣ ಇನ್ನೂ ಹೋಗುವುದು ಬೇಡ. ಪೆರ್ಲದವರೇ, ಹ್ಯಾಂಡ್ ಬ್ರೇಕ್ ಹೇಗುಂಟು? ಏರಿನಲ್ಲಿ ನಿಲ್ಲಿಸಿದರೆ ಹಿಡಿಯುತ್ತದಾ? ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಾ?

ಪೆರ್ಲ_ಪಿಕಪ್
ಹ್ಯಾಂಡ್ ಬ್ರೇಕ್ ಫಸ್ಟ್ ಕ್ಲಾಸ್. ನಮ್ಮ ಮನೆಯ ಏರಿನಲ್ಲಿ ಕಲ್ಲು ಇಡದೆ ನಿಲ್ಲುತ್ತದೆ. ಆಯಿಲ್ ಒಂದು ಹನಿ ಇಳಿದಿಲ್ಲ.

ಮುಳ್ಳೇರಿಯ_ಭಾವ
ಹಾಗಾದರೆ ಶೂ, ಡ್ರಮ್ ಸರಿ ಉಂಟು. ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುವುದೂ ಅದೇ ಶೂವನ್ನು. ಆಯಿಲ್ ಇಳಿಯದಿದ್ದರೆ ಸಿಲಿಂಡರ್ ಲೀಕೂ ಇಲ್ಲ. ಮತ್ತೆ ಎಡ ಬಲ ಎರಡೂ ಸಿಲಿಂಡರ್ ಒಂದೇ ದಿನ, ಒಂದೇ ಅಳತೆಯಲ್ಲಿ ಕೆಡುವುದು ಅಪರೂಪ. ಹಿಂದಕ್ಕೆ ಪ್ರೆಶರೇ ಹೋಗುತ್ತಿಲ್ಲ ಎಂದು ನನ್ನ ಅಂದಾಜು. ಈಗ ಸರಿಯಾಗಿ ಹೇಳಿ, ಗಾಡಿಯಲ್ಲಿ ಏನು ಲೋಡು? ಹೋದ ಸಲ ಪಾಸ್ ಆದ ಮೇಲೆ ಹಿಂದಿನ ಸ್ಪ್ರಿಂಗ್ ಪ್ಲೇಟ್ ಏನಾದರೂ ಮುಟ್ಟಿದ್ದೀರಾ?

ಪೆರ್ಲ_ಪಿಕಪ್
ಕೋರೆಯಿಂದ ಕೆಂಪುಕಲ್ಲು ಹೊರುವುದು. ಹಿಂದೆ ಕೂರುತ್ತಿತ್ತು ಎಂದು ಎರಡೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೇನೆ. ಅದನ್ನು ಎಲ್ಲರೂ ಹಾಕಿಸುತ್ತಾರಲ್ವಾ? ಬ್ರೇಕಿಗೂ ಪ್ಲೇಟಿಗೂ ಏನು ಸಂಬಂಧ?

ಮುಳ್ಳೇರಿಯ_ಭಾವ
ಪೂರಾ ಸಂಬಂಧ ಉಂಟು. ಗಾಡಿಯಡಿಗೆ ಹೋಗಿ ಹಿಂದಿನ ಆಕ್ಸಲಿನ ಮೇಲೆ ನೋಡಿ. ಚಾಸಿಸ್ಸಿಗೆ ಬೋಲ್ಟ್ ಹಾಕಿದ ಮುಷ್ಟಿ ಗಾತ್ರದ ಒಂದು ವಾಲ್ವ್ ಇರುತ್ತದೆ, ಬ್ರೇಕ್ ಪೈಪ್ ಅದರೊಳಗೆ ಹೋಗಿ ಬರುತ್ತದೆ. ಅದರಿಂದ ಒಂದು ಲಿವರ್ ಆಕ್ಸಲಿಗೆ. ಲೋಡ್ ಸೆನ್ಸಿಂಗ್ ವಾಲ್ವ್ ಎನ್ನುತ್ತಾರೆ, ಎಲ್.ಎಸ್.ಪಿ.ವಿ.

ಲೋಡ್ ಹಾಕಿದಾಗ ಚಾಸಿಸ್ ಇಳಿದು ಆಕ್ಸಲಿಗೆ ಹತ್ತಿರ ಆಗುತ್ತದೆ. ಲಿವರ್ ತಿರುಗುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಪ್ರೆಶರ್ ಜಾಸ್ತಿ ಬಿಡುತ್ತದೆ. ಖಾಲಿ ಇದ್ದಾಗ ಚಾಸಿಸ್ ಮೇಲೆ, ಪ್ರೆಶರ್ ಕಡಿಮೆ. ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ತಿರುಗಬಾರದು ಎಂದು ಈ ವ್ಯವಸ್ಥೆ. ಪ್ಲೇಟ್ ಜಾಸ್ತಿ ಹಾಕಿ ನೀವು ಹಿಂದನ್ನು ಎತ್ತಿದಿರಿ. ಖಾಲಿಗಿಂತಲೂ ಖಾಲಿ ಎಂದು ವಾಲ್ವ್ ತಿಳಿದುಕೊಂಡಿದೆ. ಟೆಸ್ಟಿಗೆ ಹೋಗುವುದು ಖಾಲಿ ಗಾಡಿಯೇ. ನನಗೆ ಹೆದರಿಕೆ ಆಗುವುದು ಟೆಸ್ಟಿನದ್ದಲ್ಲ. ಕಲ್ಲು ತುಂಬಿದಾಗಲೂ ಚಾಸಿಸ್ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಅಷ್ಟೂ ಭಾರವನ್ನು ಮುಂದಿನ ಬ್ರೇಕೇ ಹಿಡಿಯಬೇಕು. ಮುಂದಿನ ಪ್ಯಾಡ್ ಬೇಗ ಸವೆಯುತ್ತಿತ್ತಾ?

ಪೆರ್ಲ_ಪಿಕಪ್
ಹೌದು. ಮೊದಲು ವರ್ಷ ಬರುತ್ತಿತ್ತು, ಈಗ ಐದು ತಿಂಗಳು. ಪ್ಯಾಡ್ ಕ್ವಾಲಿಟಿ ಹೋಯಿತು ಅಂದುಕೊಂಡಿದ್ದೆ.

ಉಪ್ಪಳ_ಮೆಕ್ಯಾನಿಕ್
ವಾಲ್ವಿನದ್ದೇ ಆದರೆ ಸುಲಭ. ಲಿವರನ್ನು ಲೋಡ್ ಕಡೆಗೆ ಎತ್ತಿ ಸರಿಗೆಯಲ್ಲಿ ಕಟ್ಟಿ. ಅರ್ಧ ಗಂಟೆಯ ಕೆಲಸ, ಟೆಸ್ಟ್ ಪಾಸ್.

ಮುಳ್ಳೇರಿಯ_ಭಾವ
ದಯವಿಟ್ಟು ಕಟ್ಟಬೇಡಿ. ಟೆಸ್ಟ್ ಪಾಸಾಗಬಹುದು. ಆಮೇಲೆ ಮಳೆಯಲ್ಲಿ ಖಾಲಿ ಗಾಡಿಯಲ್ಲಿ ಅಡ್ಕಸ್ಥಳದ ತಿರುವಿನಲ್ಲಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ, ಗಾಡಿ ಅಡ್ಡ ತಿರುಗುತ್ತದೆ. ಎದುರಿಂದ ಶಾಲೆ ಬಸ್ಸೂ ಬರುವ ರಸ್ತೆ ಅದು.

ಉಪ್ಪಳ_ಮೆಕ್ಯಾನಿಕ್
ಎಷ್ಟೋ ಗಾಡಿಗಳು ಹಾಗೆಯೇ ಓಡುತ್ತಿವೆ.

ನೀರ್ಚಾಲು_ಟಿಪ್ಪರ್
ಓಡುತ್ತಿವೆ, ಚರಂಡಿಗೂ ಬಿದ್ದಿವೆ. ಇದರಲ್ಲಿ ನಾನು ಭಾವನ ಪಕ್ಷ.

ಪೆರ್ಲ_ಪಿಕಪ್
ಈಗ ಅಡಿಗೆ ಹೋಗಿ ಮೊಬೈಲ್ ಬೆಳಕಿನಲ್ಲಿ ನೋಡಿದೆ. ವಾಲ್ವ್ ಉಂಟು. ಕಲ್ಲಿನ ಹುಡಿ ಮಳೆಗೆ ಕಲಸಿ ಅದರ ಮೇಲೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿದೆ. ಸ್ಕ್ರೂಡ್ರೈವರಿನಲ್ಲಿ ಕೆರೆದ ಮೇಲೆ ಲಿವರ್ ಕಂಡಿತು. ತುದಿಯ ರಬ್ಬರ್ ಬುಷ್ ಹರಿದು ಅರ್ಧ ಮಾತ್ರ ಉಳಿದಿದೆ. ಕೈಯಲ್ಲಿ ಅಲ್ಲಾಡಿಸಿದರೆ ಕದಲುವುದಿಲ್ಲ. ಹತ್ತು ವರ್ಷದಲ್ಲಿ ಒಬ್ಬನೂ ಇದನ್ನು ಮುಟ್ಟಿದ ಹಾಗಿಲ್ಲ. ಹೀಗೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಮುಳ್ಳೇರಿಯ_ಭಾವ
ಜಾಸ್ತಿ ಹಾಕಿದ ಪ್ಲೇಟ್ ತೆಗೆಸಿ. ಬುಷ್ ಹೊಸದು ಹಾಕಿಸಿ. ಲಿವರ್ ಬಿಡಿಸಿ ಆಡುವ ಹಾಗೆ ಮಾಡಿಸಿ. ಆಡದಿದ್ದರೆ ವಾಲ್ವೇ ಬದಲಿಸಬೇಕು. ಲಿವರಿನ ಅಳತೆ ಸಮತಟ್ಟು ಜಾಗದಲ್ಲಿ, ಖಾಲಿ ಗಾಡಿಯಲ್ಲಿ, ಕಂಪನಿಯ ಪುಸ್ತಕ ನೋಡಿ ಇಡಬೇಕು. ಅಂದಾಜಿಗೆ ಬೇಡ. ಕೆಲವು ಗಾಡಿಗಳಲ್ಲಿ ವಾಲ್ವಿಗೇ ಒಂದು ಬ್ಲೀಡ್ ನಿಪ್ಪಲ್ ಇರುತ್ತದೆ, ಇದ್ದರೆ ಅಲ್ಲಿಂದಲೂ ಗಾಳಿ ತೆಗೆಸಿ. ಪ್ಲೇಟ್ ಹಿಡಿದಿರುವ ಯು ಬೋಲ್ಟ್ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೆ ಬಿಗಿ ನೋಡಿಸಿ.

ಪೆರ್ಲ_ಪಿಕಪ್
ಆರು ದಿನ ಆಯಿತು, ಬರೆಯಲು ಪುರುಸೊತ್ತಾಗಲಿಲ್ಲ, ಕ್ಷಮಿಸಿ. ಪ್ಲೇಟ್ ತೆಗೆಸಿದೆ. ಲಿವರ್ ಬಿಡಿಸಲು ಆಗಲಿಲ್ಲ, ವಾಲ್ವ್ ಹೊಸದೇ ಹಾಕಿಸಿದೆ. ಮೊದಲು ಶಾಲೆಯ ಮೈದಾನದಲ್ಲಿ ನೋಡಿದೆ. ಈ ಸಲ ಹಿಂದಿನ ಚಕ್ರದ ಕಟ್ಟು ಉಜ್ಜಿ ಹೋಗಿತ್ತು, ನಾಲ್ಕು ಗೆರೆ ಸರಿಯಾಗಿ ಬಿತ್ತು. ಇವತ್ತು ಬೆಳಿಗ್ಗೆ ತೋರಿಸಿದೆ. ಒಂದೇ ಬ್ರೇಕ್, ಪಾಸ್. ಭಾವ, ನಿಮ್ಮ ಉಪಕಾರ ಮರೆಯುವುದಿಲ್ಲ.

ಬ್ರೇಕ್ ಹಾಕಿದಾಗ ಮೂತಿ ಮುಗ್ಗರಿಸುತ್ತಿತ್ತು, ಅದು ಹೋಯಿತು. ಗಾಡಿ ಕೂತ ಹಾಗೆ ನಿಲ್ಲುತ್ತದೆ. ಇಷ್ಟು ದಿನ ಆ ಮುಗ್ಗರಿಸುವುದನ್ನೇ ಒಳ್ಳೆಯ ಬ್ರೇಕ್ ಎಂದುಕೊಂಡಿದ್ದೆ.

ಮುಳ್ಳೇರಿಯ_ಭಾವ
ತುಂಬ ಸಂತೋಷ. ಒಂದು ಮಾತು ಕೇಳುತ್ತೇನೆ, ಬೇಜಾರು ಬೇಡ. ಎಷ್ಟು ಕಲ್ಲು ಹಾಕುತ್ತಿದ್ದಿರಿ?

ಪೆರ್ಲ_ಪಿಕಪ್
70.

ಮುಳ್ಳೇರಿಯ_ಭಾವ
ಒಂದು ಕಲ್ಲಿಗೆ 30 ಕಿಲೋ ಹಿಡಿದರೂ 2,100 ಕಿಲೋ. ಆರ್.ಸಿ. ತೆಗೆದು ನೋಡಿ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಎಷ್ಟು ಬರುತ್ತದೋ ಅಷ್ಟೇ ಆ ಆಕ್ಸಲಿಗೂ ಬ್ರೇಕಿಗೂ ಲೆಕ್ಕ.

ಪೆರ್ಲ_ಪಿಕಪ್
ನೋಡಿದೆ. 1,200ರ ಹತ್ತಿರ. 40 ಕಲ್ಲು. ಬಾಡಿಗೆ ಲೆಕ್ಕ ಹಾಕಿದರೆ ಕಷ್ಟ ಉಂಟು ಭಾವ, ಎರಡು ಟ್ರಿಪ್ ಜಾಸ್ತಿ ಹೊಡೆಯಬೇಕು. ಆದರೆ ಆ ಪ್ಲೇಟ್ ಇನ್ನು ಹಾಕಿಸುವುದಿಲ್ಲ. ನಮ್ಮ ಹುಡುಗನೂ ಅದೇ ಗಾಡಿಯಲ್ಲಿ ಬರುವುದು.

ನೀರ್ಚಾಲು_ಟಿಪ್ಪರ್
ನನ್ನ ಅಳಿಯನ ಪಿಕಪ್ಪಿಗೂ ಪ್ಲೇಟ್ ಜಾಸ್ತಿ ಹಾಕಿದ್ದಾರೆ. ಮುಂದಿನ ತಿಂಗಳು ಟೆಸ್ಟ್. ನಿಮ್ಮ ಲಿವರಿನ ಅಳತೆ ಎಷ್ಟು ಇಟ್ಟರು?

ಪೆರ್ಲ_ಪಿಕಪ್
ನನ್ನ ಅಳತೆ ಅವರದ್ದಕ್ಕೆ ಆಗುತ್ತದೋ ಇಲ್ಲವೋ. ಯಾವ ವರ್ಷದ ಗಾಡಿ, ಪ್ಲೇಟ್ ಈಗ ಎಷ್ಟು ಉಂಟು, ಮೊದಲು ಎಷ್ಟಿತ್ತು, ವಾಲ್ವಿನ ಫೋಟೋ ಒಂದು, ಇಷ್ಟು ಹಾಕಿ. ನಾನು ನಾಳೆ ಬೆಳಿಗ್ಗೆ ಗಾಡಿ ಖಾಲಿ ಇರುವಾಗ ಅಳೆದು ಬರೆಯುತ್ತೇನೆ.