ಈಗ ಓದುತ್ತಿರುವುದು: ‘ಮಲೆಗಳಲ್ಲಿ ಮದುಮಗಳು’. ಇಷ್ಟು ಜನರನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಗಾಜನೂರು ದಾರಿ (ಪ್ರಶ್ನೆ)

ಮಳೆ ಹಿಡಿದ ಮೇಲೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೈಗೆತ್ತಿಕೊಂಡಿದ್ದೇನೆ. ನೂರೈವತ್ತು ಪುಟ ಆಯಿತು. ಮಾತು ನಮ್ಮ ಕಡೆಯದೇ ಆದ್ದರಿಂದ ಭಾಷೆಯ ತೊಂದರೆಯಿಲ್ಲ. ತೊಂದರೆ ಇರುವುದು ಜನರದ್ದು. ಗುತ್ತಿಯ ಬೆನ್ನು ಹತ್ತಿ ಹೊರಟರೆ ಅಧ್ಯಾಯ ಕಳೆಯುವಷ್ಟರಲ್ಲಿ ಬೇರೊಂದು ಮನೆಯ ಜಗಲಿಯಲ್ಲಿರುತ್ತೇವೆ. ನಾಲ್ಕು ದಿನ ಪುಸ್ತಕ ಮುಚ್ಚಿಟ್ಟರೆ ಯಾರು ಯಾರ ಕಡೆಯವರು ಅನ್ನುವುದೇ ಮರೆತುಹೋಗುತ್ತದೆ. ಹೆಸರುಗಳ ಪಟ್ಟಿ ಬರೆದುಕೊಳ್ಳುತ್ತಿದ್ದೇನೆ, ಅದರಿಂದ ಹೆಚ್ಚು ಉಪಯೋಗವಾಗುತ್ತಿಲ್ಲ. ಪೂರ್ತಿ ಓದಿದವರು ಏನು ಮಾಡುತ್ತೀರಿ? ಮೊದಲು ‘ಕಾನೂರು ಹೆಗ್ಗಡಿತಿ’ ಓದಬೇಕಿತ್ತೇ? ದಯವಿಟ್ಟು ಕೊನೆ ಹೇಳಬೇಡಿ.

ಮೇಗರವಳ್ಳಿ ತಿರುವು

ಪಟ್ಟಿ ಕೈಕೊಡುವುದಕ್ಕೆ ಕಾರಣ, ಅದರಲ್ಲಿ ಎಲ್ಲರೂ ಒಬ್ಬರ ಕೆಳಗೊಬ್ಬರು ಬಿಡಿಬಿಡಿಯಾಗಿ ನಿಲ್ಲುತ್ತಾರೆ. ಈ ಕಾದಂಬರಿಯಲ್ಲಿ ಬಿಡಿಯಾಗಿ ಯಾರೂ ಇಲ್ಲ. ಪ್ರತಿಯೊಬ್ಬರೂ ಒಂದು ಮನೆಗೆ ಸೇರಿದವರು: ಮಗನಾಗಿ, ಸೊಸೆಯಾಗಿ, ಇಲ್ಲವೇ ಜೀತದಾಳಾಗಿ. ಹಾಗಾಗಿ ಹೆಸರಿನ ಪಟ್ಟಿ ಬಿಟ್ಟು ಮನೆಗಳ ಪುಸ್ತಕ ಮಾಡಿ.

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಒಂದೊಂದು ಮನೆಗೆ ಎದುರುಬದುರಿನ ಎರಡು ಪುಟ ಬಿಡಿ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ, ಈ ಐದರಿಂದ ಶುರು ಮಾಡಿ. ಎಡಪುಟದ ಮೇಲ್ಭಾಗದಲ್ಲಿ ಯಜಮಾನ ಮತ್ತು ಮನೆಯವರು, ಗೆರೆ ಎಳೆದು ಕೆಳಗೆ ಆಳುಗಳು. ಬಲಪುಟ ಆ ಮನೆಯಿಂದ ಹೊರಗೆ ಹೋಗುವ ಸಂಬಂಧಗಳಿಗೆ: ಹೆಣ್ಣು ಕೇಳಿದ್ದು, ಸಾಲ ಕೊಟ್ಟದ್ದು, ಜಗಳ ಮಾಡಿದ್ದು.

ಸಿಂಬಾವಿಯ ಪುಟ ಹೀಗಿರುತ್ತದೆ. ಎಡಕ್ಕೆ ಭರಮೈಹೆಗ್ಗಡೆ, ಗೆರೆಯ ಕೆಳಗೆ ಗುತ್ತಿ, ಅವನ ಪಕ್ಕದಲ್ಲೇ ಅವನ ನಾಯಿ ಹುಲಿಯ. (ಹುಲಿಯನನ್ನು ಬಿಡಬೇಡಿ, ಅದೂ ಪಾತ್ರವೇ.) ಬಲಕ್ಕೆ ಎರಡು ಬಾಣ. ಒಂದು ಹೂವಳ್ಳಿಗೆ, ಅಲ್ಲಿಯ ವೆಂಕಣ್ಣನ ಮಗಳು ಚಿನ್ನಮ್ಮನನ್ನು ಹೆಗ್ಗಡೆ ಎರಡನೇ ಮದುವೆಗೆ ಕೇಳಿದ್ದಕ್ಕೆ. ಇನ್ನೊಂದು ಬೆಟ್ಟಳ್ಳಿಗೆ, ಗುತ್ತಿಗೆ ಬೇಕಾದ ತಿಮ್ಮಿ ಅಲ್ಲಿಯ ಕಲ್ಲಯ್ಯಗೌಡರ ಆಳಾಗಿರುವುದಕ್ಕೆ. ಈ ಎರಡನೆಯ ಬಾಣ ಎಳೆದಾಗಲೇ ವಿಷಯ ಬಿಚ್ಚಿಕೊಳ್ಳುತ್ತದೆ. ಗುತ್ತಿ–ತಿಮ್ಮಿಯರದು ಇಬ್ಬರ ಪ್ರೀತಿಯಷ್ಟೇ ಆಗಿ ಉಳಿಯುವುದಿಲ್ಲ. ಒಂದು ಮನೆಯ ಆಳು ಇನ್ನೊಂದು ಮನೆಯ ಆಳನ್ನು ಹಾರಿಸಿಕೊಂಡು ಹೋದರೆ ಅದು ಇಬ್ಬರು ಒಡೆಯರ ನಡುವಿನ ಆಸ್ತಿಯ ತಕರಾರು. ಮೇಲಿನವರ ಮನೆಯಲ್ಲಿ ಚಿನ್ನಮ್ಮನಿಗೂ ತನ್ನ ಮದುವೆಯ ಬಗ್ಗೆ ಮಾತಿಲ್ಲ, ಕೇರಿಯಲ್ಲಿ ತಿಮ್ಮಿಗೂ ಇಲ್ಲ. ಎರಡು ಪುಟ ಅಕ್ಕಪಕ್ಕ ಇಟ್ಟು ನೋಡಿದರೆ ಕುವೆಂಪು ಇವರಿಬ್ಬರನ್ನು ಎಷ್ಟು ಎಚ್ಚರದಿಂದ ಜೋಡಿಸಿದ್ದಾರೆ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ವಂಶವೃಕ್ಷ ಮಾತ್ರ ಬರೆಯಲು ಹೋಗಬೇಡಿ. ಅದರಲ್ಲಿ ಆಳುಗಳಾದ ಐತ, ಪೀಂಚಲು ಇಬ್ಬರಿಗೂ ಜಾಗವೇ ಸಿಗುವುದಿಲ್ಲ. ಆದರೆ ಚಿನ್ನಮ್ಮ ಮತ್ತು ಕೋಣೂರಿನ ಮುಕುಂದಯ್ಯರ ಕಥೆ ಮುಂದೆ ಸಾಗುವುದೇ ಅವರಿಬ್ಬರಿಂದ.

ಪೆನ್ಸಿಲ್‌ನಲ್ಲೇ ಬರೆಯಿರಿ, ಸಂಬಂಧಗಳು ಬದಲಾಗುತ್ತವೆ. ಪುಟಸಂಖ್ಯೆ ಗುರುತು ಹಾಕುವ ಬದಲು ಅಧ್ಯಾಯದ ಸಂಖ್ಯೆ ಹಾಕಿ. ಮುದ್ರಣದಿಂದ ಮುದ್ರಣಕ್ಕೆ ಪುಟ ಬೇರೆಯಾಗುತ್ತದೆ, ಇನ್ನೊಬ್ಬರೊಂದಿಗೆ ಮಾತಾಡುವಾಗ ಗೊಂದಲವಾಗುತ್ತದೆ.

ಕೊಪ್ಪ ರಸ್ತೆ

ಮೇಲಿನದು ಒಳ್ಳೆಯ ಉಪಾಯ. ಅದಕ್ಕೆ ನಕಾಶೆಯನ್ನೂ ಸೇರಿಸಿ. ತೀರ್ಥಹಳ್ಳಿಯನ್ನು ಒಂದು ಚುಕ್ಕೆ ಮಾಡಿ, ಪಕ್ಕದಲ್ಲಿ ತುಂಗೆ ಎಳೆಯಿರಿ. ಅಲ್ಲಿಂದ ಆಗುಂಬೆ ಕಡೆಗೆ ಒಂದು ಗೆರೆ, ನಡುವೆ ಮೇಗರವಳ್ಳಿ. ಇವೆಲ್ಲ ನಿಜವಾದ ಊರುಗಳು. ಕಾದಂಬರಿಯ ಮನೆಗಳನ್ನು ಗೂಗಲ್ ಮ್ಯಾಪಿನಲ್ಲಿ ಹುಡುಕುತ್ತಾ ಕೂರಬೇಡಿ. ಯಾರು ಎಲ್ಲಿಂದ ಎಲ್ಲಿಗೆ ನಡೆದರು, ದಾರಿಯಲ್ಲಿ ಯಾವ ಮನೆ ಮೊದಲು ಸಿಕ್ಕಿತು ಅನ್ನುವುದನ್ನು ಕಾದಂಬರಿಯಿಂದಲೇ ತೆಗೆದು ಗುರುತು ಹಾಕಿ. ಇಲ್ಲಿ ಸುದ್ದಿ ಹೋಗುವುದು ಕಾಲ್ನಡಿಗೆಯಲ್ಲಿ. ಒಂದು ಮನೆಯಲ್ಲಿ ಗೊತ್ತಿರುವುದು ಇನ್ನೊಂದರಲ್ಲಿ ಯಾಕೆ ಗೊತ್ತಿಲ್ಲ ಅನ್ನುವುದಕ್ಕೆ ಕಾಡು ಮತ್ತು ದಾರಿಯೇ ಕಾರಣ.

ಕಾಲವನ್ನೂ ಬರೆದಿಟ್ಟುಕೊಳ್ಳಿ. ಪುಸ್ತಕ ಬಂದದ್ದು 1967ರಲ್ಲಿ, ಆದರೆ ಕಥೆ ನಡೆಯುವುದು ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ 1893ರ ಆಸುಪಾಸು. ಅಂದರೆ ಕುವೆಂಪು ಹುಟ್ಟುವುದಕ್ಕಿಂತ (1904) ಹತ್ತು ವರ್ಷ ಹಿಂದೆ. ಪಾದ್ರಿ, ಬೈಸಿಕಲ್ಲು, ಬೆಟ್ಟಳ್ಳಿ ದೇವಯ್ಯನ ಮತಾಂತರದ ಆಸೆ, ಇವೆಲ್ಲ ಆ ಕಾಲದ ಮಲೆನಾಡಿಗೆ ಹೊರಗಿನ ಪ್ರಪಂಚ ಕಾಲಿಟ್ಟ ಬಗೆ. ಇದನ್ನು ಮರೆತರೆ ದೇವಯ್ಯನ ಭಾಗ ಕಥೆಗೆ ಸಂಬಂಧವಿಲ್ಲದ್ದು ಅನ್ನಿಸಿ ಜನ ಹಾರಿಸಿಬಿಡುತ್ತಾರೆ. ಪುಸ್ತಕ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅಂಥ ಕಡೆಯೇ.

‘ಕಾನೂರು’ (1936) ಮೊದಲು ಓದಬೇಕೆಂದೇನಿಲ್ಲ. ಅಲ್ಲಿ ಓದಿದ ಹುಡುಗ ಹೂವಯ್ಯನಿದ್ದಾನೆ, ಅವನ ಕಣ್ಣಿನಲ್ಲಿ ಮಲೆನಾಡನ್ನು ನೋಡುವುದು ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಇಲ್ಲಿಗೆ ಬಂದು ಹೂವಯ್ಯನಂಥವನನ್ನು ಹುಡುಕುತ್ತೀರಿ, ಸಿಗುವುದಿಲ್ಲ.

ಹೊಸನಗರದ ಓದು

‘ಕಾನೂರು’ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ತೊಟ್ಟಿಮನೆಯ ಒಳಗಿನ ಬದುಕು, ಗೌಡ–ಆಳುಗಳ ಲೆಕ್ಕಾಚಾರ ಗೊತ್ತಿಲ್ಲದ ಬಯಲುಸೀಮೆಯ ಓದುಗರಿಗೆ ಮೊದಲು ‘ಕಾನೂರು’ ಓದಿದರೆ ದಾರಿ ಸಲೀಸು. ನಿಮಗೆ ಅದು ಬೇಡ, ಹಿಡಿದದ್ದನ್ನು ಬಿಡಬೇಡಿ.

ಓದಿನ ವೇಗದ ಬಗ್ಗೆ ಒಂದು ಮಾತು. ಒಂದು ಸಲಕ್ಕೆ ಇಪ್ಪತ್ತು–ಇಪ್ಪತ್ತೈದು ಪುಟ ಸರಿ, ಅಧ್ಯಾಯದ ನಡುವೆ ನಿಲ್ಲಿಸಬೇಡಿ. ತೇಜಸ್ವಿಯವರ ‘ಕರ್ವಾಲೊ’ ಒಂದೇ ಪಟ್ಟಿಗೆ ಓದಿದ ಹಾಗೆ ಇದನ್ನು ಓದಲು ಹೊರಟರೆ ಕಾಡಿನ ವರ್ಣನೆಯೆಲ್ಲ ಅಡ್ಡಿಯಾಗಿ ಕಾಣುತ್ತದೆ. ಆ ವರ್ಣನೆಯಲ್ಲೇ ಹೊತ್ತು, ಮಳೆ, ದಾರಿಯ ಸ್ಥಿತಿ ಇರುತ್ತದೆ. ಮುಂದಿನ ಘಟನೆ ಅದರ ಮೇಲೆ ನಿಂತಿರುತ್ತದೆ.

ಮಳೆಗಾಲ ಅಂದಿರಿ, ಅದಕ್ಕೆ ಇದೂ ಬೇಕು. ದಪ್ಪ ಪುಸ್ತಕದ ಬೆನ್ನು ನಮ್ಮ ಥಂಡಿಗೆ ಬೇಗ ಬಿಡುತ್ತದೆ. ಎಲ್ಲೋ ನಡುವೆ ತೆರೆದು ಒತ್ತಬೇಡಿ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ಬಿಡಿಸುತ್ತಾ ನಡುವಿಗೆ ಬನ್ನಿ. ಗಾಳಿಯ ತೇವ 65 ಶೇಕಡಾ ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಐವತ್ತು ಗ್ರಾಂನಷ್ಟು ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ತಿರುಗಿದಾಗ ಹುರಿದು ಮತ್ತೆ ಹಾಕಿ. ಪುಸ್ತಕವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಹೊಗೆ ಮತ್ತು ಬಿಸಿಗೆ ಅಂಟು ಒಣಗಿ ಹಾಳೆ ಉದುರುತ್ತದೆ.

ಗಾಜನೂರು ದಾರಿ

ಮನೆಗಳ ಪುಸ್ತಕ ಇವತ್ತೇ ಶುರು. ಇನ್ನೊಂದು ಸಂಶಯ: ರಂಗಾಯಣದ ನಾಟಕ ಇದೆಯಲ್ಲ, ಅದರ ದೃಶ್ಯಗಳನ್ನು ಮೊದಲು ನೋಡಿದರೆ ಮುಖ ನೆನಪಿರುತ್ತದೆಯೇ?

ಮೇಗರವಳ್ಳಿ ತಿರುವು

ಮುಖವೇನೋ ನೆನಪಿರುತ್ತದೆ, ಆದರೆ ಈಗ ಬೇಡ. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನಲ್ಲಿ ಮಾಡಿಸಿದ್ದು ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತಿದ್ದರು. ಈ ಕಾದಂಬರಿಗೆ ಅದು ಸರಿಯಾಗಿ ಒಪ್ಪುವ ಕ್ರಮ. ಆದರೆ ಅಷ್ಟು ಹೊತ್ತಿನಲ್ಲೂ ಎಷ್ಟೋ ಬಿಡಲೇಬೇಕಾಯಿತು, ಮತ್ತು ಕೊನೆಯನ್ನು ಅದು ತೋರಿಸಿಬಿಡುತ್ತದೆ. ನೀವು ಕೊನೆ ಬೇಡ ಅಂದಿದ್ದೀರಿ. ಹುಲಿಕಲ್ಲು ಗುಡ್ಡದ ಭಾಗ ದಾಟಿದ ಮೇಲೆ ಇಲ್ಲಿ ಬರೆಯಿರಿ, ಪೀಂಚಲು ಬಗ್ಗೆ ಮಾತಾಡುವುದು ತುಂಬಾ ಇದೆ.