ಗ್ಲೀಸನ್ 7: ಇಬ್ಬರಿಗೂ ಒಂದೇ ನಂಬರ್, ಚಿಕಿತ್ಸೆ ಮಾತ್ರ ಬೇರೆ ಯಾಕೆ?

ದಾವಣಗೆರೆಯವ:
ಅಪ್ಪನಿಗೆ 68 ವರ್ಷ. ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರೋ ಪ್ರೋಟೀನ್) 7.8 ಬಂತು ಅಂತ ಪ್ರಾಸ್ಟೇಟ್ ಬಯಾಪ್ಸಿ ಮಾಡಿಸಿದ್ವಿ. ಸೂಜಿಯಿಂದ ತೆಗೆದ 12 ತೆಳು ಎಳೆಗಳಲ್ಲಿ (ಕೋರ್) 3ರಲ್ಲಿ ಕ್ಯಾನ್ಸರ್ ಇದೆಯಂತೆ. ರಿಪೋರ್ಟಲ್ಲಿ 'ಗ್ಲೀಸನ್ 3+4=7, ಗ್ರೇಡ್ ಗ್ರೂಪ್ 2, ಪ್ಯಾಟರ್ನ್ 4: 10%' ಅಂತಿದೆ. ಪಕ್ಕದ ಬೀದಿಯವರಿಗೂ 7 ಇತ್ತು, ಅವರಿಗೆ ಕೂಡಲೇ ರೇಡಿಯೇಷನ್, ಹಾರ್ಮೋನ್ ಇಂಜೆಕ್ಷನ್ ಎರಡೂ ಶುರು ಮಾಡಿದರು. ನಮ್ಮ ಡಾಕ್ಟರು ಎಂಆರ್‌ಐ ಆಗಲಿ, ಆಮೇಲೆ ನೋಡೋಣ ಅಂತಾರೆ. ಕಾಯೋದು ಸರೀನಾ? ಕಂಪ್ಯೂಟರಲ್ಲಿ ಜೀವಕೋಶ ಅಳೆದು ಮುಂದೇನಾಗುತ್ತೆ ಅಂತ ಹೇಳ್ತಾರಂತಲ್ಲ, ಅದನ್ನೂ ಮಾಡಿಸಬೇಕಾ?

ಸ್ಲೈಡ್ ನೋಡುವವಳು:
ನಾನು ಪೆಥಾಲಜಿಸ್ಟ್. ಮೊತ್ತ ಬಿಟ್ಟು 3+4 ಅನ್ನೋದನ್ನ ನೋಡಿ. ಕ್ಯಾನ್ಸರ್ ಎಷ್ಟು ಉಗ್ರ ಅಂತ ಅಂದಾಜಿಸೋಕೆ 1966ರಲ್ಲಿ ಡೊನಾಲ್ಡ್ ಗ್ಲೀಸನ್ ಕೊಟ್ಟ ಈ ಪದ್ಧತಿಯಲ್ಲಿ ನಾವು ನೋಡೋದು ಗ್ರಂಥಿಗಳ ಜೋಡಣೆಯನ್ನ, ಬಿಡಿ ಕೋಶವನ್ನಲ್ಲ. 3ರಲ್ಲಿ ಗ್ರಂಥಿಗಳು ಬಿಡಿಬಿಡಿಯಾಗಿ, ಪ್ರತಿಯೊಂದರ ನಡುವೆಯೂ ತೂತು ಸ್ಪಷ್ಟವಾಗಿ ಕಾಣುತ್ತೆ. 4ರಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೆಲವೊಮ್ಮೆ ಜರಡಿಯ ಹಾಗೆ ತೂತುತೂತು. ಆ ಜರಡಿ ರೂಪಕ್ಕೆ ಕ್ರಿಬ್ರಿಫಾರ್ಮ್ ಅಂತೀವಿ, ಅದು ಒಳ್ಳೆಯ ಲಕ್ಷಣವಲ್ಲ. ನಿಮ್ಮ ರಿಪೋರ್ಟಲ್ಲಿ ಆ ಪದ ಇದೆಯಾ ನೋಡಿ.

3+4ರಲ್ಲಿ 3 ಹೆಚ್ಚು, 4+3ರಲ್ಲಿ 4 ಹೆಚ್ಚು. ಎರಡನೆಯದರಲ್ಲಿ ಅಪಾಯ ಜಾಸ್ತಿ, ಅದಕ್ಕೇ 2014ರಲ್ಲಿ ಗ್ರೇಡ್ ಗ್ರೂಪ್ 2, 3 ಅಂತ ಬೇರೆ ಮಾಡಿದ್ದು. ಪಕ್ಕದ ಬೀದಿಯವರದ್ದು 4+3 ಇದ್ದಿರಬಹುದು.

ಆ 10% ನಮ್ಮ ಕಣ್ಣಳತೆ. ಕೋರ್‌ನಲ್ಲಿ ಕ್ಯಾನ್ಸರ್ 2 ಮಿಮೀ ಮಾತ್ರ ಇದ್ದರೆ ಅದರ 10% ಅಂದರೆ 0.2 ಮಿಮೀ, ನಾಲ್ಕಾರು ಗ್ರಂಥಿ ಆಚೀಚೆಯಾದರೂ ನಂಬರ್ ಬದಲಾಗುತ್ತೆ. ಹಾಗಾಗಿ ಎಷ್ಟು ಮಿಮೀ ಅಂತ ಖಂಡಿತ ಕೇಳಿ.

ಎಂಆರ್‌ಐಗೆ ಕಾಯೋದು ಸರಿಯೇ. ಅದರಲ್ಲಿ ಪ್ರಾಸ್ಟೇಟಿನ ಗಾತ್ರ ಗೊತ್ತಾಗುತ್ತೆ, ಪಿಎಸ್‌ಎಯನ್ನ ಆ ಗಾತ್ರದಿಂದ ಭಾಗಿಸಿದರೆ ಪಿಎಸ್‌ಎ ಡೆನ್ಸಿಟಿ ಸಿಗುತ್ತೆ. ಪ್ರಾಸ್ಟೇಟ್ 60 ಮಿಲೀ ಇದ್ದರೆ ಪಿಎಸ್‌ಎ ಡೆನ್ಸಿಟಿ 0.13, 30 ಇದ್ದರೆ 0.26. ನಾವು ಸಾಮಾನ್ಯವಾಗಿ ನೋಡೋ ಗಡಿ 0.15, ಅದಕ್ಕಿಂತ ಮೇಲಿದ್ದರೆ ಅಪಾಯ ಜಾಸ್ತಿ.

ದಾವಣಗೆರೆಯವ:
ಕ್ರಿಬ್ರಿಫಾರ್ಮ್ ಇಲ್ಲ ಅಂತ ಬರೆದಿದ್ದಾರೆ ಮೇಡಂ. ಉಸಿರು ಬಂತು. ಕಂಪ್ಯೂಟರ್ ಅಳತೆ?

ಸ್ಲೈಡ್ ನೋಡುವವಳು:
ನ್ಯೂಕ್ಲಿಯಸ್ಸಿನ ಗಾತ್ರ, ದುಂಡಗಿನ ಆಕಾರ ಎಷ್ಟು ಕೆಟ್ಟಿದೆ, ಕೆಐ-67 (ವಿಭಜನೆಯಾಗ್ತಿರೋ ಕೋಶಗಳಲ್ಲಿ ಇರೋ ಪ್ರೋಟೀನ್) ಬಣ್ಣ ಹಿಡಿದ ಕೋಶ ಶೇಕಡಾ ಎಷ್ಟು, ಇವನ್ನೆಲ್ಲ ಅಳೀತಾರೆ. ನನಗೆ ಈ ದಾರಿಯ ಮೇಲೆ ನಂಬಿಕೆ ಇದೆ, ಕಣ್ಣಿಗೆ ಸಿಗದ್ದು ಅಲ್ಲಿ ಸಿಗುತ್ತೆ. ಆದರೆ ಒಂದು ಲ್ಯಾಬಲ್ಲಿ ಬಣ್ಣ ಗಾಢ, ಇನ್ನೊಂದರಲ್ಲಿ ತಿಳಿ. ಅಳತೆಯೂ ಅದರ ಜೊತೆ ಏರಿಳಿಯುತ್ತೆ. ಈಗ ಅದಕ್ಕೆ ದುಡ್ಡು ಹಾಕಬೇಡಿ. ಅದರ ಬದಲು ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ಸ್ಲೈಡ್ ತೋರಿಸಿ.

ಹುಬ್ಬಳ್ಳಿ ಅಕ್ಕ:
ನಮ್ಮ ಮಾವನವರದ್ದೂ ಹಾಗೇ ತೋರಿಸಿದ್ವಿ. ಸ್ಲೈಡ್ ಜೊತೆ ಮೇಣದ ಬ್ಲಾಕ್‌ಗಳನ್ನೂ ಕೇಳಿ ತಗೋರಿ ತಮ್ಮಾ, ಹೊಸದಾಗಿ ಕತ್ತರಿಸಿ ನೋಡಬೇಕಂದ್ರ ಅವೇ ಬೇಕು.