ದುಬಾರಿ ಸ್ಪೀಕರ್ ಕೊಳ್ಳುವ ಮೊದಲು ಹೋಲಿಸಿ ಕೇಳುವುದು ಹೇಗೆ? ಗುಂಪಿನ ಪ್ರಶ್ನೋತ್ತರ

ಪ್ರಶ್ನೆ: ಸರ್, ಎರಡು ಜೋಡಿ ಸ್ಪೀಕರ್‌ಗಳಲ್ಲಿ ಯಾವುದನ್ನು ಆರಿಸಬೇಕೆಂದು ತಿಳಿಯುತ್ತಿಲ್ಲ. ಒಂದು ಮೂರು-ವೇ ಟವರ್ (ಬಾಸಿಗೆ ವೂಫರ್, ಮೇಲಿನ ಸ್ವರಗಳಿಗೆ ಟ್ವೀಟರ್, ನಡುವಿನದಕ್ಕೆ ಇನ್ನೊಂದು ಡ್ರೈವರ್ ಇರುವ, ನೆಲದ ಮೇಲೆ ನಿಲ್ಲುವ ಸ್ಪೀಕರ್): ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 4 ಓಮ್, ಸೆನ್ಸಿಟಿವಿಟಿ (ಗೊತ್ತಾದ ವೋಲ್ಟಿಗೆ ಎಷ್ಟು ಜೋರು ಎಂಬ ಅಳತೆ) 88 ಡಿಬಿ, ಅಂದರೆ ಡೆಸಿಬೆಲ್ (2.83 ವೋಲ್ಟ್, 1 ಮೀಟರ್). ಇನ್ನೊಂದು ಸ್ಟ್ಯಾಂಡ್ ಮೇಲಿಡುವ ಕೋಆಕ್ಸಿಯಲ್ (ವೂಫರಿನ ನಟ್ಟನಡುವೆ ಟ್ವೀಟರ್ ಇರುವಂಥದ್ದು): 8 ಓಮ್, 86 ಡಿಬಿ. ಬೇರೆಬೇರೆ ಅಂಗಡಿಗಳಲ್ಲಿ ಕೇಳಿದೆ. ಟವರ್‌ನಲ್ಲಿ ಬಾಸ್ ತುಂಬಿಕೊಂಡಿತ್ತು, ಹಾಡಿಗೂ ಹೆಚ್ಚು ಜೀವ ಇದೆ ಅನಿಸಿತು. ನನ್ನ ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಆಂಪ್ (ಆಂಪ್ಲಿಫೈಯರ್) 8 ಓಮ್‌ಗೆ 80 ವ್ಯಾಟ್. ಟವರ್ ತಗೊಂಡುಬಿಡಲೇ?

ಉತ್ತರ (ಅಕೌಸ್ಟಿಕ್ಸ್ ಎಂಜಿನಿಯರ್): ಈಗಲೇ ಬೇಡ. ಎರಡು ಅಂಗಡಿ ಅಂದರೆ ಎರಡು ಕೋಣೆ, ಎರಡು ಆಂಪ್, ಎರಡು ವಾಲ್ಯೂಮ್. ನಿಮಗೆ ಕೇಳಿಸಿದ ವ್ಯತ್ಯಾಸದಲ್ಲಿ ಸ್ಪೀಕರಿನ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ದಾರಿಯೇ ಇಲ್ಲ.

ಮೊದಲು ಆ ಎರಡು ಅಂಕಿಗಳನ್ನು ಸರಿಯಾಗಿ ಓದೋಣ. 2.83 ವೋಲ್ಟ್ ಅನ್ನುವುದು 8 ಓಮ್‌ಗೆ 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಹಾಗಾಗಿ ಟವರಿನ 88 ಡಿಬಿ, ಒಂದು ವ್ಯಾಟಿನ ಲೆಕ್ಕದಲ್ಲಿ 85 ಡಿಬಿ ಮಾತ್ರ. ಆದರೂ ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿದ್ದರೆ ಟವರ್ 2 ಡಿಬಿ ಜೋರಾಗಿ ನುಡಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ‘ಜೋರು’ ಎಂದು ಗೊತ್ತಾಗುವುದಿಲ್ಲ, ‘ಸ್ಪಷ್ಟವಾಗಿದೆ, ಜೀವ ಇದೆ, ಬಾಸ್ ಚೆನ್ನಾಗಿದೆ’ ಎಂದೇ ತೋರುತ್ತದೆ. ಸದ್ದು ಕಡಿಮೆಯಾದಷ್ಟೂ ಕಿವಿ ಬಾಸನ್ನು ಮಿಕ್ಕದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ, ಏರಿಸಿದರೆ ಬಾಸ್ ಮರಳುತ್ತದೆ. ಹೋಲಿಕೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಅದಕ್ಕೆ ಮಟ್ಟ ಸಮ ಮಾಡದೆ ಒಂದು ಹಾಡನ್ನೂ ಕೇಳಬೇಡಿ. 500ರಿಂದ 2000 ಹರ್ಟ್ಜ್ ನಡುವಿನ ಪಿಂಕ್ ನಾಯ್ಸ್ (ಹಲವು ಸ್ವರಮಟ್ಟಗಳು ಬೆರೆತ, ಪರೀಕ್ಷೆಗೆ ಬಳಸುವ ಮೊರೆತ) ಹಾಕಿ, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಸೌಂಡ್ ಮೀಟರ್ ಇಟ್ಟು 75 ಡಿಬಿ ಬರುವಂತೆ ಆಂಪ್ ಹೊಂದಿಸಿ. ಪೂರ್ತಿ ಪಟ್ಟಿಯ (ಬಾಸ್‌ನಿಂದ ಮೇಲಿನ ಸ್ವರದವರೆಗೆ ಎಲ್ಲ ಹರ್ಟ್ಜ್‌ಗಳ) ನಾಯ್ಸ್ ಹಾಕಿದರೆ ಕೋಣೆಯ ಬಾಸ್ ಮೀಟರನ್ನು ಎಳೆದಾಡುತ್ತದೆ. ಫೋನಿನ ಆ್ಯಪ್ ಸಾಕು, ನಮಗೆ ಬೇಕಿರುವುದು ವ್ಯತ್ಯಾಸ ಮಾತ್ರ, ಆದರೆ ಫೋನ್ ಅದೇ, ಜಾಗವೂ ಅದೇ ಇರಬೇಕು. ಎರಡರ ನಡುವಿನ ಅಂತರ 0.5 ಡಿಬಿ ಒಳಗಿರಲಿ, 0.2 ಆದರೆ ಇನ್ನೂ ಒಳ್ಳೆಯದು. ಪ್ರತಿ ಸ್ಪೀಕರಿಗೂ ಆಂಪ್ ತೋರಿಸುವ ವಾಲ್ಯೂಮ್ ಅಂಕಿ ಬರೆದಿಟ್ಟುಕೊಂಡು, ಬದಲಿಸಿದಾಗಲೆಲ್ಲ ಅಲ್ಲಿಗೇ ತನ್ನಿ.

ಆಮೇಲೆ ಎರಡೂ ಜೋಡಿಯಿಂದ ಒಂದೊಂದೇ ಸ್ಪೀಕರ್ ತೆಗೆದುಕೊಂಡು ಪಕ್ಕಪಕ್ಕ ಇಟ್ಟು ಮೊನೊದಲ್ಲಿ ಕೇಳಿ. ಸ್ಟೀರಿಯೊದ ಹರವು ಸ್ವರಬಣ್ಣದ ದೋಷಗಳನ್ನು ಮುಚ್ಚುತ್ತದೆ. ಮೊನೊದಲ್ಲಿ ಅವು ಬೇಗ ಸಿಕ್ಕಿಬೀಳುತ್ತವೆ ಎಂಬುದು ಸ್ಪೀಕರ್ ಸಂಶೋಧಕ ಫ್ಲಾಯ್ಡ್ ಟೂಲ್ ಅವರ ಸಂಶೋಧನೆ ತೋರಿಸಿದ ಮುಖ್ಯ ಸಂಗತಿ. ಒಂದು ಸುತ್ತು ಕೇಳಿ ಮುಗಿದ ಮೇಲೆ ಎರಡರ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ‘ಎಡಗಡೆಯದೇ ಚೆನ್ನಾಗಿದೆ’ ಎಂದು ಎರಡೂ ಸಲ ಅನಿಸಿದರೆ ನೀವು ಮೆಚ್ಚಿದ್ದು ಜಾಗವನ್ನು. ಸಾಧ್ಯವಾದರೆ ತೆಳುವಾದ, ಸದ್ದು ಹಾಯುವ ಬಟ್ಟೆಯ ಪರದೆ ಕಟ್ಟಿ, ಬದಲಿಸುವ ಕೆಲಸ ಬೇರೆಯವರಿಗೆ ಕೊಡಿ. 1994ರಲ್ಲಿ ಟೂಲ್ ಮತ್ತು ಅವರ ಸಹೋದ್ಯೋಗಿ ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಸ್ಪೀಕರ್‌ಗಳಿಗೆ ಕಣ್ಣಿಗೆ ಕಂಡಾಗ ಬಿದ್ದ ಅಂಕಗಳೇ ಬೇರೆ, ಮರೆಯಲ್ಲಿದ್ದಾಗ ಬಿದ್ದ ಅಂಕಗಳೇ ಬೇರೆ ಆಗಿದ್ದವು.

ಮರುಪ್ರಶ್ನೆ: ಅರ್ಥವಾಯಿತು ಸರ್. ಆದರೆ ಟವರಿನ ಬಾಸ್ ನಿಜಕ್ಕೂ ಆಳಕ್ಕೆ ಇಳಿಯುತ್ತಿತ್ತು. ಅದು ನನ್ನ ಕೋಣೆಗೂ ಬರುತ್ತದಲ್ಲವೇ?

ಉತ್ತರ: ಬರುತ್ತದೆ, ಆದರೆ ಅದೇ ರೂಪದಲ್ಲಿ ಬರುವುದಿಲ್ಲ. ನಿಮ್ಮಂಥ ಕೋಣೆಯಲ್ಲಿ ಸುಮಾರು 150–200 ಹರ್ಟ್ಜ್ ಕೆಳಗೆ ಸ್ಪೀಕರಿಗಿಂತ ಕೋಣೆಯದೇ ಮಾತು ಹೆಚ್ಚು ನಡೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಮೊದಲ ಅನುರಣನ (ಕೋಣೆ ತಾನೇ ಉಬ್ಬಿಸುವ ಸ್ವರ) ಸಿಗುತ್ತದೆ: ಉದ್ದಕ್ಕೆ 34, ಅಗಲಕ್ಕೆ 43, ಎತ್ತರಕ್ಕೆ 57 ಹರ್ಟ್ಜ್. 30 ಹರ್ಟ್ಜ್‌ವರೆಗೆ ಇಳಿಯುವ ಟವರ್ ಈ ಮೂರನ್ನೂ ಪೂರ್ತಿ ಕೆರಳಿಸುತ್ತದೆ. ಹಿಂಗೋಡೆಗೆ ತಲೆ ಆನಿಸಿ ಕೂತರೆ 34 ಹರ್ಟ್ಜ್ ಗುಂಯ್ ಎಂದು ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಸ್ವರ ಮಾಯವಾಗುತ್ತದೆ. ಹಿಂಗೋಡೆಯಿಂದ 1.9 ಮೀಟರ್ ಆಸುಪಾಸು, ಅಂದರೆ ಉದ್ದದ ಶೇಕಡಾ 38ರ ಹತ್ತಿರ ಕೂತು ನೋಡುವುದು ಒಳ್ಳೆಯ ಆರಂಭ. ಅಲ್ಲಿಂದ ಗೇಣು ಗೇಣು ಹಿಂದೆಮುಂದೆ ಸರಿಯಿರಿ.

ಇನ್ನೊಂದು ತೊಂದರೆ ಸ್ಪೀಕರಿನ ಹಿಂದಿನ ಗೋಡೆಯದು. ವೂಫರಿನಿಂದ ಗೋಡೆ 60 ಸೆಂಟಿಮೀಟರ್ ದೂರವಿದ್ದರೆ, ಅಲ್ಲಿ ಬಡಿದು ವಾಪಸ್ ಬರುವ ಅಲೆ ಸುಮಾರು 143 ಹರ್ಟ್ಜ್‌ನಲ್ಲಿ ನೇರ ಅಲೆಗೆ ವಿರುದ್ಧವಾಗಿ ನಿಂತು ಅಲ್ಲೊಂದು ಗುಂಡಿ ತೋಡುತ್ತದೆ, ಅಂದರೆ ಆ ಸ್ವರ ಕುಗ್ಗುತ್ತದೆ. 1 ಮೀಟರ್ ಬಿಟ್ಟರೆ ಗುಂಡಿ 86ಕ್ಕೆ ಇಳಿಯುತ್ತದೆ. ಗಂಡಸಿನ ಧ್ವನಿ ಟೊಳ್ಳಾಗಿ ಕೇಳಿಸಿದರೆ ಮೊದಲು ಈ ದೂರವನ್ನು ಅಳೆಯಿರಿ. ವೂಫರಿನಿಂದ ನೆಲ, ಪಕ್ಕದ ಗೋಡೆ, ಹಿಂದಿನ ಗೋಡೆ ಮೂರೂ ಒಂದೇ ದೂರದಲ್ಲಿರುವಂತೆ ಮಾತ್ರ ಇಡಬೇಡಿ, ಮೂರು ಗುಂಡಿಗಳೂ ಒಂದೇ ಕಡೆ ಬೀಳುತ್ತವೆ.

ಹಾಗಾಗಿ ಕೊನೆಯ ತೀರ್ಮಾನ ನಿಮ್ಮ ಕೋಣೆಯಲ್ಲೇ ಆಗಬೇಕು. ಈ ಬೆಲೆಯ ಸ್ಪೀಕರನ್ನು ಮನೆಗೆ ತಂದು ಕೇಳಲು ಬಿಡದ ಮಾರಾಟಗಾರನಾದರೆ, ವಾಪಸ್ ಕೊಡುವ ಷರತ್ತನ್ನಾದರೂ ಲಿಖಿತವಾಗಿ ಪಡೆಯಿರಿ. ಅಳತೆಯ ಮೈಕ್ ಮತ್ತು ರೂಮ್ ಇಕ್ಯೂ ವಿಜರ್ಡ್ ತಂತ್ರಾಂಶ ಇದ್ದರೆ 20ರಿಂದ 300 ಹರ್ಟ್ಜ್‌ವರೆಗೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುವ ಸ್ವರದ ಅಳತೆ) ತೆಗೆಯಿರಿ. ಬಾಸ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವುದು ತಪ್ಪುತ್ತದೆ.

ಇನ್ನೊಬ್ಬ ಸದಸ್ಯೆ: ನನ್ನ ಬಳಿ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ನಡೆಯುವ ಆಂಪ್) ಇದೆ. ಅದರಲ್ಲೇ ಹೋಲಿಸಬಹುದೇ ಸರ್? ಮತ್ತೆ 80 ವ್ಯಾಟ್ ಇವರಿಗೆ ಸಾಕೇ?

ಉತ್ತರ: ಕೊನೆಗೆ ನುಡಿಸುವುದು ಅದೇ ಆಂಪಿನಲ್ಲಾದರೆ ಅದರಲ್ಲೇ ಹೋಲಿಸಿ ಮೇಡಂ, ಆದರೆ ಫಲಿತಾಂಶ ಆ ಆಂಪಿಗಷ್ಟೇ ಸಲ್ಲುತ್ತದೆ. ಹಲವು ವಾಲ್ವ್ ಆಂಪ್‌ಗಳ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನದೇ ಒಳತಡೆ) 1–2 ಓಮ್ ಇರುತ್ತದೆ. ಸ್ಪೀಕರಿನ ಇಂಪೀಡೆನ್ಸ್ ಒಂದು ಹರ್ಟ್ಜ್‌ನಲ್ಲಿ 4 ಓಮ್, ಇನ್ನೊಂದು ಹರ್ಟ್ಜ್‌ನಲ್ಲಿ 20 ಓಮ್ ಇದ್ದರೆ, 2 ಓಮ್ ಆಂಪ್ ಈ ಎರಡು ಜಾಗಗಳ ನಡುವೆ ಸುಮಾರು 2.7 ಡಿಬಿ ವ್ಯತ್ಯಾಸ ಹುಟ್ಟಿಸುತ್ತದೆ. ಸ್ಪೀಕರಿನ ಸ್ವಭಾವವನ್ನೇ ಬದಲಿಸಲು ಅಷ್ಟು ಸಾಕು.

80 ವ್ಯಾಟಿನ ಲೆಕ್ಕ: ಕೋಆಕ್ಸಿಯಲ್ ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ 86 ಡಿಬಿ. ಕೋಣೆಯೊಳಗೆ ಸುಮಾರು 3 ಮೀಟರ್ ದೂರಕ್ಕೆ 7 ಡಿಬಿ ಕಳೆಯಿರಿ, ಎರಡು ಸ್ಪೀಕರಿಗೆ 3 ಸೇರಿಸಿ: 82. ಮೃದಂಗದ ಪೆಟ್ಟಿಗೆ ಕ್ಷಣಕಾಲ 100 ಡಿಬಿ ಬೇಕೆಂದರೆ ಇನ್ನೂ 18 ಡಿಬಿ, ಅಂದರೆ ಒಂದೊಂದಕ್ಕೆ 63 ವ್ಯಾಟ್. ಸಾಕಾಗುತ್ತದೆ, ಮಿಗುವುದು ಸ್ವಲ್ಪ. ಟವರಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಇಂಪೀಡೆನ್ಸ್ ಅತಿ ಕಡಿಮೆ ಎಷ್ಟಕ್ಕೆ, ಯಾವ ಹರ್ಟ್ಜ್‌ನಲ್ಲಿ ಇಳಿಯುತ್ತದೆ? ಆಂಪಿನ ವಿವರಪಟ್ಟಿಯಲ್ಲಿ 4 ಓಮಿನ ಅಂಕಿಯೇ ಇಲ್ಲದಿದ್ದರೆ, ಅಥವಾ 8 ಓಮ್‌ಗೆ 80 ಇದ್ದದ್ದು 4ಕ್ಕೆ ಬರೀ 90 ಎಂದಿದ್ದರೆ, ಆ ಟವರಿಗೆ ಅದು ಜೋಡಿಯಲ್ಲ.

ಪ್ರಶ್ನೆ: ಹಾಗಾದರೆ ಯಾವ ಸಂಗೀತ ಹಾಕಿ ಕೇಳಬೇಕು?

ಉತ್ತರ: ನಿಮಗೆ ಬಾಯಿಪಾಠವಾಗಿರುವಂಥದ್ದು. ಅಂಗಡಿಯವರು ಹಾಕುವ ಪ್ರದರ್ಶನದ ಹಾಡುಗಳು ಯಾವ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳಿಸುತ್ತವೆ. ಮೊದಲು ಅರ್ಧ ನಿಮಿಷ ಪೂರ್ತಿ ಪಟ್ಟಿಯ ಪಿಂಕ್ ನಾಯ್ಸ್ ಹಾಕಿ. ಜಲಪಾತದ ಮೊರೆತದಂತೆ ಸಮನಾಗಿರಬೇಕು, ‘ಊ’ ಎಂದೋ ‘ಸ್ಸ್’ ಎಂದೋ ಒಂದು ಬಣ್ಣ ಎದ್ದು ಕಂಡರೆ ಅದು ಪ್ರತಿ ಹಾಡಿಗೂ ಅಂಟುತ್ತದೆ. ನಂತರ ಒಂಟಿ ಹೆಣ್ಣುದನಿ: ‘ಸ’, ‘ಶ’ ಕಿವಿಗೆ ಚುಚ್ಚಿದರೆ 5ರಿಂದ 8 ಕಿಲೋಹರ್ಟ್ಜ್ ಉಬ್ಬಿದೆ. ತಂಬೂರ ಹಾಕಿದರೆ ಮೇಲಿನ ಸ್ವರಾಂಶಗಳು ಹೆಣೆದುಕೊಂಡು ಬರುತ್ತವೆಯೇ ಅಥವಾ ಟ್ವೀಟರಿನಿಂದ ಬೇರೆಯಾಗಿ ಚಿಮ್ಮುತ್ತವೆಯೇ ಗಮನಿಸಿ. ಡಬಲ್ ಬಾಸ್ ಒಂದೊಂದೇ ಸ್ವರ ಏರುತ್ತ ಹೋಗುವ ತುಣುಕು ಇರಲಿ. ಕೆಳಗಿನ ತಂತಿ ಸುಮಾರು 41 ಹರ್ಟ್ಜ್, ನಿಮ್ಮ ಕೋಣೆಯ 43ರ ಪಕ್ಕದಲ್ಲೇ ಇದೆ. ಒಂದು ಸ್ವರ ಮಾತ್ರ ಜಿಗಿದು ಬಂದರೆ ಕಾರಣ ಗೊತ್ತಾಯಿತಲ್ಲ.

ಕೂತು ಕೇಳಿದ್ದು ಸಾಲದು, ಎದ್ದು ನಿಲ್ಲಿ, ಪಕ್ಕಕ್ಕೆ ನಡೆಯಿರಿ. ಸ್ವರಬಣ್ಣ ಥಟ್ಟನೆ ಬದಲಾದರೆ ಕ್ರಾಸ್‌ಓವರ್ (ಸದ್ದನ್ನು ವೂಫರ್, ಟ್ವೀಟರ್‌ಗಳಿಗೆ ಹಂಚುವ ಭಾಗ) ಕೆಲಸ ಮಾಡುವ ಹರ್ಟ್ಜ್‌ಗಳ ಸುತ್ತ ಸದ್ದಿನ ಹರವು ಸರಿಯಿಲ್ಲ. ಕೋಣೆಯ ಪ್ರತಿಫಲನಗಳು ಹುಟ್ಟುವುದು ಈ ಪಕ್ಕದ ಸದ್ದಿನಿಂದಲೇ, ಮತ್ತು ಈಕ್ವಲೈಸರಿನಿಂದ ಇದನ್ನು ರಿಪೇರಿ ಮಾಡಲಾಗದು. ತಯಾರಕರು ಸ್ಪಿನೊರಾಮಾ ನಕ್ಷೆ ಕೊಟ್ಟಿದ್ದರೆ (ಸ್ಪೀಕರಿನ ಸುತ್ತಲೂ ಸದ್ದು ಹೇಗೆ ಹರಡುತ್ತದೆ ಎಂದು ಅಡ್ಡಕ್ಕೂ ಲಂಬಕ್ಕೂ ಪ್ರತಿ 10 ಡಿಗ್ರಿಗೆ ಒಂದರಂತೆ ಒಟ್ಟು 70 ಅಳತೆ) ನೇರ ಗೆರೆ ಸಪಾಟಾಗಿದೆಯೇ, ಪಕ್ಕದ ಗೆರೆಗಳು ಮೆಲ್ಲಗೆ ಒಂದೇ ಇಳಿಜಾರಿನಲ್ಲಿ ಇಳಿಯುತ್ತವೆಯೇ ನೋಡಿ. ಕೋಆಕ್ಸಿಯಲ್ ಸಾಮಾನ್ಯವಾಗಿ ಗೆಲ್ಲುವುದು ಇಲ್ಲಿ. ಅದೇ ನಿಮಗೆ ಹಿಡಿಸಿ, ಬಾಸ್ ಮಾತ್ರ ಕಡಿಮೆ ಅನಿಸಿದರೆ ಸಬ್‌ವೂಫರ್ ಸೇರಿಸಿ. ಅದನ್ನು ಬಾಸ್ ಚೆನ್ನಾಗಿ ಕೂರುವ ಮೂಲೆಗೆ ಒಯ್ಯಬಹುದು, ಟವರಿನ ವೂಫರನ್ನು ಹಾಗೆ ಒಯ್ಯಲಾಗದು. 20 ಚದರ ಮೀಟರಿನ ಕೋಣೆಗೆ ನಾನು ಒಲಿಯುವುದು ಈ ದಾರಿಗೇ.

ಇನ್ನೊಬ್ಬ ಸದಸ್ಯ: ಡಬ್ಬ ಬಿಚ್ಚಿದ ದಿನ ಏನು ಪರೀಕ್ಷಿಸಬೇಕು? ನೂರು ಗಂಟೆ ನುಡಿಸಿದ ಮೇಲೆ ಧ್ವನಿ ಪಕ್ವವಾಗುತ್ತದಂತೆ.

ಉತ್ತರ: ವೂಫರಿನ ಅಂಚು ಮತ್ತು ಸ್ಪೈಡರ್ (ಕೋನನ್ನು ಹಿಂದಿನಿಂದ ಹಿಡಿದಿಡುವ ಮಡಿಕೆಯ ಬಟ್ಟೆ) ಮೊದಲಿಗೆ ಸ್ವಲ್ಪ ಸಡಿಲವಾಗುವುದು ನಿಜ, ಆಮೇಲಿನ ಬದಲಾವಣೆ ಬಹುಪಾಲು ಕಿವಿ ಒಗ್ಗಿಕೊಳ್ಳುವುದು. ಮೊದಲ ವಾರ ಕರ್ಕಶವಾಗಿದ್ದರೆ ವಾಪಸಾತಿಯ ಅವಧಿ ಮುಗಿಯುವ ತನಕ ಕಾಯಬೇಡಿ. ಮೊದಲ ದಿನವೇ ಜೋಡಿಯ ಹೊಂದಾಣಿಕೆ ನೋಡಿ: ಎರಡನ್ನೂ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಮುಖಾಮುಖಿ ನಿಲ್ಲಿಸಿ, ಆಂಪ್ ಆಫ್ ಮಾಡಿ, ಒಂದರ ಪ್ಲಸ್-ಮೈನಸ್ ತಂತಿ ಅದಲುಬದಲು ಮಾಡಿ, ಮೊನೊ ಸಂಗೀತವನ್ನು ಸಣ್ಣ ವಾಲ್ಯೂಮಿನಲ್ಲಿ ನುಡಿಸಿ. ಬಾಸ್ ಬಹುತೇಕ ಇಲ್ಲವಾಗಬೇಕು. ಉಳಿದುಕೊಂಡರೆ, ಅಥವಾ ತಂತಿ ಸರಿಪಡಿಸಿದ ಮೇಲೂ ಮೊನೊ ದನಿ ಎರಡರ ನಡುವೆ ಒಂದು ಬಿಂದುವಿನಲ್ಲಿ ನಿಲ್ಲದೆ ಹರಡಿಕೊಂಡರೆ, ಒಂದು ಡ್ರೈವರ್ ಉಲ್ಟಾ ಜೋಡಣೆಯಾಗಿರಬಹುದು ಅಥವಾ ಕ್ರಾಸ್‌ಓವರಿನ ಒಂದು ಭಾಗ ಕೆಟ್ಟಿರಬಹುದು. ಪ್ಯಾಕಿಂಗ್ ಫೋಮ್ ಎಸೆಯುವ ಮೊದಲು ಈ ಪರೀಕ್ಷೆ ಮುಗಿಸಿ.